ಮಿಡ್‌ಫೀಲ್ಡಿನ ಮುಚ್ಚಳ

ಹದಿಮೂರು ವರ್ಷ ಅವನು ಆ ಕ್ಲಬ್ಬಿಗೆ ಆಡಿದ. ಹದಿಮೂರು ವರ್ಷವೂ ಮೈದಾನದ ನಟ್ಟನಡುವೆ. ಅವನ ಮುಂದೆ ಆಡಿದವರು ಗೋಲು ಹೊಡೆದು ಹೆಸರು ಮಾಡಿದರು. ಹಿಂದೆ ಆಡಿದವರು ಗೋಲು ತಡೆದು ಹೆಸರು ಮಾಡಿದರು. ಅವನಿಗೆ ಸಿಕ್ಕಿದ್ದು ಒಂದು ಅಡ್ಡಹೆಸರು. ಮುಚ್ಚಳ.

ಎದುರು ತಂಡದ ದಾರಿಗಳನ್ನೆಲ್ಲ ಮುಚ್ಚಿಹಾಕುತ್ತಾನೆ, ಅದಕ್ಕೇ ಆ ಹೆಸರು ಎಂದು ಒಬ್ಬ ಪತ್ರಿಕೆಯವನು ಬರೆದ. ಪಾಪ, ಒಳ್ಳೆಯ ಮನುಷ್ಯ. ನಿಜ ಅಷ್ಟು ಚೆನ್ನಾಗಿರಲಿಲ್ಲ. ಆ ಮೈದಾನವನ್ನು ಕಟ್ಟಿದ್ದು ಊರಿನ ಹಳೆಯ ಒಳಚರಂಡಿಯ ಮೇಲೆ. ಬೇರೆ ಯಾರಿಗೂ ಬೇಡದ ಜಾಗ, ಕ್ಲಬ್ಬಿಗೆ ಸಲೀಸಾಗಿ ಸಿಕ್ಕಿತ್ತು. ಗೆರೆಯಾಚೆ ಸುತ್ತಲೂ ಆರು ಮುಚ್ಚಳ. ಏಳನೆಯದು ಸೆಂಟರ್ ಸರ್ಕಲ್ಲಿನ ಪಕ್ಕ, ಹುಲ್ಲಿನ ಅಡಿಯಲ್ಲಿ. ಅದೇ ದೊಡ್ಡದು. ಅರ್ಧ ಊರು ತಿಂದು ಬಿಟ್ಟದ್ದೆಲ್ಲ ಅದರ ಕೆಳಗೆ ಹರಿಯುತ್ತಿತ್ತು. ಬಿಸಿಲೇರಿದರೆ ಮೈದಾನದ ನಡುವೆ ನಿಲ್ಲುವ ಮೂಗು ಯಾರಿಗೂ ಇರಲಿಲ್ಲ.

ಅವನು ಅಲ್ಲಿಗೆ ಮೊದಲು ಬಂದದ್ದು ಆಡಲಿಕ್ಕಲ್ಲ. ಆಗ ಹತ್ತೊಂಬತ್ತು ವರ್ಷ. ಕಟ್ಟಿಕೊಂಡ ಚರಂಡಿ ಬಿಡಿಸಲು ಅಪ್ಪ ಒಳಗಿಳಿದಿದ್ದ, ಇವನು ಮೇಲೆ ನಿಂತು ಬಕೆಟ್ ಎಳೆಯುತ್ತಿದ್ದ. ಪಕ್ಕದಲ್ಲೇ ತಂಡದ ಅಭ್ಯಾಸ. ಮಿಡ್‌ಫೀಲ್ಡಿನವನು ತಲೆನೋವು ಎಂದು ಮೂಗು ಹಿಡಿದುಕೊಂಡು ಹೊರಟುಹೋದ. ಆಗಿನ ಕೋಚ್ ಅತ್ತಿತ್ತ ನೋಡಿ, ಹೇಗೂ ಅಲ್ಲೇ ನಿಂತಿದ್ದೀಯಲ್ಲ, ಬಾಲು ಬಂದರೆ ಈ ಕಡೆ ಒದಿ ಎಂದ. ಇವನು ಒದ್ದ. ಹತ್ತು ಸಲ ಒದ್ದರೆ ಹತ್ತೂ ಸಲ ಬಾಲು ಹೋಗಿ ಅವರವರ ಕಾಲಿನ ಬುಡದಲ್ಲೇ ಬಿತ್ತು. ಕೋಚ್ ಸೀಟಿ ಊದುವುದನ್ನೇ ಮರೆತ.

ಅದೇನೂ ಪವಾಡ ಅಲ್ಲ. ನೀರು ನಾವು ಹೇಳಿದ ಕಡೆ ಹೋಗುವುದಿಲ್ಲ, ಇಳಿಜಾರಿದ್ದ ಕಡೆ ಹೋಗುತ್ತದೆ, ನಾವು ಮೊದಲೇ ಹೋಗಿ ಅಲ್ಲಿ ನಿಂತಿರಬೇಕು ಎಂದು ಅಪ್ಪ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದ. ಬಾಲೂ ಹಾಗೆಯೇ ಎಂದು ಇವನಿಗೆ ಆ ದಿನ ಗೊತ್ತಾಯಿತು.

ಕ್ಲಬ್ಬು ಅವನಿಂದ ಕಾಗದಕ್ಕೆ ಸಹಿ ಹಾಕಿಸಿಕೊಂಡಿತು. ಕಾಗದದಲ್ಲಿ 'ಆಟಗಾರ' ಎಂದಷ್ಟೇ ಇತ್ತು. ಆದರೆ ಅವನ ಕಪಾಟಿನಲ್ಲಿ ಬೂಟಿನ ಜೊತೆ ಮುಚ್ಚಳ ಎತ್ತುವ ಕಬ್ಬಿಣದ ಕೊಕ್ಕೆಯನ್ನೂ ಇಟ್ಟರು. ಮಳೆ ಬಂದು ಚರಂಡಿ ಕಟ್ಟಿಕೊಂಡಾಗಲೆಲ್ಲ ಯಾರೂ ಏನೂ ಹೇಳುತ್ತಿರಲಿಲ್ಲ. ಎಲ್ಲರೂ ಸುಮ್ಮನೆ ಆ ಕೊಕ್ಕೆಯ ಕಡೆ ನೋಡುತ್ತಿದ್ದರು. ಅವನು ಜೆರ್ಸಿ ಬಿಚ್ಚಿಟ್ಟು ಇಳಿಯುತ್ತಿದ್ದ. ಕುತ್ತಿಗೆವರೆಗೆ ಇಳಿದು, ಕೈಯಿಂದ ಬಾಚಿ, ಮೇಲೆ ಬಂದು, ತೊಳೆದುಕೊಂಡು, ಮತ್ತೆ ಜೆರ್ಸಿ ಹಾಕಿ ತೊಂಬತ್ತು ನಿಮಿಷ ಓಡುತ್ತಿದ್ದ. ಅಧ್ಯಕ್ಷರು ಬೆನ್ನು ತಟ್ಟುವವರಂತೆ ಕೈಯೆತ್ತಿ, ತಟ್ಟದೆ ಇಳಿಸಿ, ಕೈ ಕೆಸರಾದರೆ ಬಾಯಿ ಮೊಸರು ಕಣಪ್ಪ ಎನ್ನುತ್ತಿದ್ದರು. ಅವನು ಅದನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಪಾತ್ರೆ ತಿಕ್ಕುತ್ತಲೇ ಉತ್ತರ ಕೊಟ್ಟಳು.

"ಸರಿಯಾಗೇ ಹೇಳಿದಾರೆ. ಕೈ ನಮ್ದು, ಬಾಯಿ ಅವರದು."

ಈಗ ಹೇಳುವುದು ಕೇಳಿದರೆ ನಗು ಬರುತ್ತದೆ. ನಗಿ, ಪರವಾಗಿಲ್ಲ. ಫುಟ್ಬಾಲ್ ಎಂದರೆ ಮೈಗೆ ಮೈ ತಾಗುವ ಆಟ. ಇವನಿಗೆ ಮಾತ್ರ ಯಾರೂ ತಾಗುತ್ತಿರಲಿಲ್ಲ. ಇವನ ಕಸುಬಿನ ಸುದ್ದಿ ಲೀಗಿನಲ್ಲೆಲ್ಲ ಹಬ್ಬಿತ್ತು. ಎದುರು ತಂಡದವರು ಬಾಲು ಕಸಿಯಲು ಓಡಿಬಂದು ಎರಡು ಮೊಳ ದೂರದಲ್ಲಿ ಗಕ್ಕನೆ ನಿಲ್ಲುತ್ತಿದ್ದರು. ಇವನು ಆರಾಮವಾಗಿ ತಲೆಯೆತ್ತಿ, ನಾಲ್ಕು ಕಡೆ ನೋಡಿ, ಬೇಕಾದವರಿಗೆ ಪಾಸ್ ಕೊಡುತ್ತಿದ್ದ. ಲೀಗಿನಲ್ಲೇ ಅತಿ ಕಡಿಮೆ ಫೌಲ್ ಆದ ಆಟಗಾರ ಎಂದು ಮೂರು ಸಲ ಪ್ರಶಸ್ತಿ ಬಂತು. ಪ್ರಶಸ್ತಿಯನ್ನು ಮೇಜಿನ ಮೇಲಿಟ್ಟು, ತಗೋ ಎಂದರು.

ಹದಿಮೂರು ವರ್ಷದಲ್ಲಿ ಅವನು ನಾಲ್ಕು ಗೋಲು ಹೊಡೆದ. ಬೇರೆಯವರು ಗೋಲು ಹೊಡೆದರೆ ಇಡೀ ತಂಡ ಅವರ ಮೇಲೆ ಬಿದ್ದು ಹೊರಳಾಡುತ್ತಿತ್ತು. ಇವನು ಹೊಡೆದಾಗಲೂ ಓಡಿಬಂದರು. ಎರಡು ಮೊಳ ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಇಂದಿನ ಕಾಲದಲ್ಲಿ ಇಂಥ ಸಭ್ಯ ಸಂಭ್ರಮ ಅಪರೂಪ, ಉಳಿದ ತಂಡಗಳು ಇವರಿಂದ ಕಲಿಯಬೇಕು ಎಂದು ಅದೇ ಪತ್ರಿಕೆಯವನು ಬರೆದ. ಆ ಒಳ್ಳೆಯ ಮನುಷ್ಯನ ಕೈಯಿಂದ ಪೆನ್ನು ಕಸಿದುಕೊಳ್ಳಬೇಕು ಎಂದು ಮುಚ್ಚಳನಿಗೆ ಅನ್ನಿಸಿತು.

ಒಂದು ವರ್ಷ ದೊಡ್ಡ ಕ್ಲಬ್ಬೊಂದರವನು ಆಟಗಾರರನ್ನು ಹುಡುಕಿಕೊಂಡು ಬಂದ. ಎಂಥ ಗುಂಪಿನಲ್ಲೂ ಜಾಗ ಮಾಡಿಕೊಳ್ಳುತ್ತಾನೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹೇಗೆ ಮಾಡಿಕೊಳ್ಳುತ್ತೀಯ ಎಂದು ಕೇಳಿದ. ನಾನು ಮಾಡಿಕೊಳ್ಳುವುದಿಲ್ಲ ಸಾರ್, ಅವರೇ ಬಿಡುತ್ತಾರೆ ಎಂದ ಇವನು. ವಿನಯವೂ ಇದೆ ಎಂದು ಅದನ್ನೂ ಬರೆದುಕೊಂಡ. ಆಮೇಲೆ ಅಧ್ಯಕ್ಷರು ಆ ಮನುಷ್ಯನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ನೋಟ್‌ಬುಕ್ ಮುಚ್ಚಿತು. ಮಾರನೆಯ ದಿನ ಮಳೆ ಬಂತು, ಅಧ್ಯಕ್ಷರು ಕೊಕ್ಕೆಯ ಕಡೆ ನೋಡಿದರು.

ಅಪ್ಪ ಆ ಹೊತ್ತಿಗಾಗಲೇ ಕೆಲಸ ಬಿಟ್ಟಿದ್ದ, ಅಂದರೆ ಕೆಲಸ ಅವನನ್ನು ಬಿಟ್ಟಿತ್ತು. ಏಳನೆಯ ಮುಚ್ಚಳದೊಳಗೆ ಒಂದು ದಿನ ಉಸಿರು ಕಟ್ಟಿ ಬಿದ್ದಿದ್ದ. ಹಗ್ಗ ಹಿಡಿದು ಎಳೆದು ಹಾಕಿದವನು ಇವನೇ. ಜೀವ ಉಳಿಯಿತು, ಎದೆ ಉಳಿಯಲಿಲ್ಲ. ಎರಡು ಮಾತಿಗೊಂದು ಕೆಮ್ಮು. ಬೇಗ ಗುಣಮುಖರಾಗಿ ಎಂದು ಕ್ಲಬ್ಬು ಹೂಗುಚ್ಛ ಕಳಿಸಿತು. ತಂದವನು ಅದನ್ನು ಬಾಗಿಲಾಚೆ ಇಟ್ಟು, ಬೆಲ್ ಒತ್ತಿ ಓಡಿಹೋದ.

ಅಮ್ಮ ಮಗನ ಆಟವನ್ನು ಒಂದು ಸಲವೂ ನೋಡಿರಲಿಲ್ಲ. ಮೊದಲ ವರ್ಷ ಆಸೆಯಿಂದ ಹೋಗಿದ್ದಳು. ಗೇಟಿನವನು ಅವಳ ಮುಖ ನೋಡಿ, ಹಿಂದಿನ ಬಾಗಿಲಿನಿಂದ ಬಾ ಎಂದು ಕೈಗೆ ಪೊರಕೆ ಕೊಟ್ಟ. ಮಗ ಆಡುತ್ತಿದ್ದ ತೊಂಬತ್ತು ನಿಮಿಷವೂ ಅವಳು ಮೆಟ್ಟಿಲು ಗುಡಿಸಿದಳು. ಆಮೇಲೆ ಎಷ್ಟು ಕರೆದರೂ ಹೋಗಲಿಲ್ಲ. ಗುಡಿಸೋಕೆ ನಮ್ಮನೇನೇ ಇದೆ ಎನ್ನುತ್ತಿದ್ದಳು.

ಇಷ್ಟೆಲ್ಲ ಅವನು ಯಾಕೆ ನುಂಗಿಕೊಂಡ ಎಂದು ನೀವು ಕೇಳಬಹುದು. ಕಾರಣ ಒಂದೇ. ಹತ್ತು ವರ್ಷ ಆಡಿದವರಿಗೆ ಆಟ ನಿಲ್ಲಿಸಿದ ಮೇಲೆ ಸಹಾಯಕ ಕೋಚ್ ಕೆಲಸ ಕೊಡುವುದು ಆ ಕ್ಲಬ್ಬಿನ ನಿಯಮ. ಎಡಗಾಲು ಯಾವುದು ಬಲಗಾಲು ಯಾವುದು ಎಂದು ಕೊನೆವರೆಗೂ ಗೊತ್ತಾಗದ ಒಬ್ಬ ಡಿಫೆಂಡರ್ ಆ ನಿಯಮದಲ್ಲೇ ಕೋಚ್ ಆಗಿ, ಈಗ ಮುಖ್ಯ ಕೋಚೂ ಆಗಿದ್ದ. ಮುಚ್ಚಳನ ಹತ್ತಿರ ಮೂರು ನೋಟ್‌ಬುಕ್ ತುಂಬ ತಾನೇ ಬರೆದ ಅಭ್ಯಾಸಗಳಿದ್ದವು. ಯಾರನ್ನು ಎಲ್ಲಿ ನಿಲ್ಲಿಸಬೇಕು, ಬಾಲು ಬರುವ ಮೊದಲೇ ಕಣ್ಣು ಎಲ್ಲಿರಬೇಕು, ಎಲ್ಲವೂ ಚಿತ್ರ ಸಮೇತ. ಸಿಳ್ಳೆ ಕೊರಳಿಗೆ ಹಾಕಿಕೊಂಡು ಗೆರೆಯ ಪಕ್ಕ ನಿಂತು ಹೇಳಿಕೊಡಬೇಕು, ಹತ್ತು ಜನ ಕೇಳಬೇಕು. ಅವನಿಗೆ ಬೇಕಾಗಿದ್ದು ಅದೊಂದೇ.

ಕೊನೆಯ ಪಂದ್ಯಕ್ಕೆ ಒಂದು ವಾರ ಇದ್ದಾಗ ಕಾಗದ ಬಂತು. ನಿಮ್ಮ ಅಮೂಲ್ಯ ಸೇವೆಯನ್ನು ಗೌರವಿಸಿ ನಿಮ್ಮನ್ನು 'ಮೈದಾನ ಜಲ ನಿರ್ವಹಣಾ ಮುಖ್ಯಸ್ಥ'ರನ್ನಾಗಿ ನೇಮಿಸಲಾಗಿದೆ ಎಂದಿತ್ತು. ಅವನು ಅದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದ. ಅಪ್ಪ ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದ.

"ಅಂದ್ರೆ ಚರಂಡಿ."

ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ. ಸಿಟ್ಟು ಬಂದಿತ್ತು. ಆದರೆ ಬಡವನ ಕೋಪ ದವಡೆಗೆ ಮೂಲ ಎಂದು ಕೇಳಿಕೊಂಡೇ ಬೆಳೆದವನು, ದವಡೆ ಕಚ್ಚಿಕೊಂಡ. ಅಮ್ಮ ಮಾತ್ರ ಒಂದು ನಿರ್ಧಾರ ಮಾಡಿದಳು. ಈ ಸಲ ತಾನೇ ಸಾಲಿನಲ್ಲಿ ನಿಂತು ಮುಖ್ಯ ಗೇಟಿನ ಟಿಕೆಟ್ ತಂದಳು. ನಡುವಿನ ಸ್ಟ್ಯಾಂಡಿನದು, ನೆರಳಿರುವ ಕಡೆಯದು.

ಪಂದ್ಯದ ದಿನ ಮಧ್ಯಾಹ್ನ ಎರಡು ಗಂಟೆಗೆ ಮಳೆ ಶುರುವಾಗಿ ಮೂರಕ್ಕೆ ನಿಂತಿತು. ನಾಲ್ಕಕ್ಕೆ ಆಟ. ಸೋತರೂ ಒಂದೇ, ಆಡದಿದ್ದರೂ ಒಂದೇ, ಕ್ಲಬ್ಬು ಕೆಳಗಿನ ಲೀಗಿಗೆ ಇಳಿಯುತ್ತಿತ್ತು. ಮೈದಾನದ ಒಂದು ಅರ್ಧದಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಬರೀ ನೀರಾಗಿದ್ದರೆ ಚೆನ್ನಾಗಿತ್ತು. ರೆಫರಿ ಮಡಚಿದ ಕೊಡೆ ಹಿಡಿದು ಬಂದು, ನೋಡಿ, ಮೂಗಿಗೆ ಕರ್ಚೀಫು ಒತ್ತಿಕೊಂಡ. ಐದು ಗಂಟೆಯೊಳಗೆ ನೀರು ಇಳಿಯದಿದ್ದರೆ ಪಂದ್ಯ ಎದುರು ತಂಡಕ್ಕೆ ಎಂದು ಹೇಳಿಬಿಟ್ಟ.

ಡ್ರೆಸ್ಸಿಂಗ್ ರೂಮಿನಲ್ಲಿ ಮುಚ್ಚಳ ಲೇಸು ಕಟ್ಟುತ್ತಿದ್ದ. ಗೋಲ್‌ಕೀಪರ್ ಕೊಕ್ಕೆಯ ಕಡೆ ನೋಡಿದ. ಸ್ಟ್ರೈಕರ್ ನೋಡಿದ. ಕೋಚ್ ನೋಡಿದ. ಅಧ್ಯಕ್ಷರು ಬಿಳಿ ಬೂಟು ಹಾಕಿಕೊಂಡು ಒಳಗೆ ಬಂದು, ಅವರೂ ನೋಡಿದರು. ಇವನು ಇನ್ನೊಂದು ಬೂಟಿನ ಲೇಸು ಕಟ್ಟಿದ.

ಅಧ್ಯಕ್ಷರು ಬಹಳ ನಯವಾಗಿ ಶುರು ಮಾಡಿದರು. ಇದು ಮನೆಯ ಮರ್ಯಾದೆಯ ಪ್ರಶ್ನೆ ಎಂದರು. ನೀನು ಈ ಮನೆಯ ಮಗ ಎಂದರು. ಹದಿಮೂರು ವರ್ಷದಲ್ಲಿ ಮಗನಾದದ್ದು ಅವನಿಗೆ ಅವತ್ತೇ ಗೊತ್ತಾಯಿತು. ಆಮೇಲೆ ಜೇಬಿನಿಂದ ಆ ಕಾಗದದ ನಕಲು ತೆಗೆದರು.

"ನೋಡಪ್ಪ, ಈವತ್ತು ಒಂದೇ ಒಂದು ಸಲ ಇಳಿ. ಇದನ್ನ ಹೊಡೆದುಹಾಕಿ ಇಲ್ಲೇ, ಈಗಲೇ, ಸಹಾಯಕ ಕೋಚ್ ಅಂತ ಬರೀತೀನಿ. ನನ್ನ ಮಾತು ಅಂದ್ರೆ ಮಾತು."

ನಿಜ ಹೇಳಬೇಕೆಂದರೆ, ಅವನ ಕೈ ಕೊಕ್ಕೆಯ ಕಡೆ ಹೋಯಿತು. ಒಂದೇ ಸಲ. ಹದಿಮೂರು ವರ್ಷ ಇಳಿದವನಿಗೆ ಇನ್ನೊಂದು ಸಲ ಏನು ದೊಡ್ಡದು? ಅರ್ಧ ಗಂಟೆಯ ಕೆಲಸ, ಕೊರಳಿಗೆ ಸಿಳ್ಳೆ. ಕಬ್ಬಿಣ ತಣ್ಣಗಿತ್ತು. ಅದನ್ನು ಹಿಡಿದುಕೊಂಡಾಗ ಅವನಿಗೆ ಒಂದು ವಿಷಯ ಹೊಳೆಯಿತು. ನಾಳೆ ತಾನು ಗೆರೆಯ ಪಕ್ಕ ನಿಂತು ಸಿಳ್ಳೆ ಊದಿದಾಗ ಇವರೆಲ್ಲ ನೋಡುವುದು ಸಿಳ್ಳೆಯನ್ನಲ್ಲ. ಅವನು ಕೊಕ್ಕೆಯನ್ನು ತೆಗೆದು ಅಧ್ಯಕ್ಷರ ಕೈಗೆ ಕೊಟ್ಟ.

"ನಾನು ಇಳಿಯಲ್ಲ ಸಾರ್. ಆಡೋಕೆ ಬಂದಿದೀನಿ."

ಅಧ್ಯಕ್ಷರ ಮುಖ ಕೆಂಪಾಯಿತು. ಹಾಗಾದರೆ ಕೋಚ್ ಕೆಲಸ ಮರೆತುಬಿಡು ಎಂದರು. ಮರೆತೆ ಎಂದ ಇವನು. ಇಷ್ಟು ವರ್ಷ ಉಂಡ ಮನೆ ಎಂದರು. ಉಣ್ಣಿಸಿದ್ದು ನನ್ನ ಕಾಲು ಎಂದ. ಅವನಿಗೆ ತನ್ನ ದನಿಯೇ ಹೊಸದಾಗಿ ಕೇಳಿಸಿತು. ಒಳಗೆ ಎಲ್ಲೋ ಬಹಳ ಸಂತೋಷವಾಗಿತ್ತು.

ಕಾರ್ಯದರ್ಶಿ ಎಂಬ ತೆಳ್ಳಗಿನ ಮನುಷ್ಯ ಸ್ಟ್ಯಾಂಡಿಗೆ ಓಡಿದ, ತಾಯಿಯಿಂದ ಹೇಳಿಸೋಣ ಎಂದು. ಅಮ್ಮ ನೆರಳಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅವನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು. ಸೆರಗಿನ ಗಂಟು ಬಿಚ್ಚಿ ಟಿಕೆಟ್ ತೆಗೆದು ತೋರಿಸಿದಳು.

"ಟಿಕೆಟ್ ತಗೊಂಡು ಬಂದಿದೀನಿ. ಆಟ ತೋರಿಸಿ."

ಆಗ ನಮಗೇನು ಕೈಕಾಲಿಲ್ಲವೇ ಎಂದು ಕ್ಲಬ್ಬಿನವರು ತಾವೇ ಹೊರಟರು. ಕಚೇರಿಯಿಂದ ಮೈದಾನದ ನಕ್ಷೆ ತಂದರು. ಅದು ಬೇರೆ ಯಾವುದೋ ಮೈದಾನದ ನಕ್ಷೆ, ಕಟ್ಟುವಾಗ ನಕಲು ಮಾಡಿದ್ದರು. ಯಾವ ಮುಚ್ಚಳದ ಕೆಳಗೆ ಯಾವ ದಾರಿ ಇದೆ ಎಂದು ಮೂವತ್ತು ವರ್ಷದಲ್ಲಿ ಯಾರೂ ಅಪ್ಪನನ್ನು ಕೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ. ಕೋಚ್ ತನ್ನ ಎಡಕ್ಕಿದ್ದ ಮುಚ್ಚಳ ತೆಗೆಯಿರಿ ಎನ್ನುತ್ತ ಬಲಕ್ಕಿದ್ದದ್ದನ್ನು ತೆಗೆಸಿದ. ಅದು ಡ್ರೆಸ್ಸಿಂಗ್ ರೂಮಿನ ಕಕ್ಕಸಿನ ದಾರಿ. ಒಳಗಿನ ಒತ್ತಡ ಎಷ್ಟು ದಿನದಿಂದ ಕಾಯುತ್ತಿತ್ತೋ ಏನೋ, ಬುಸ್ಸೆಂದು ಎದ್ದು ಬಂದು ಪಕ್ಕದಲ್ಲೇ ನಿಲ್ಲಿಸಿದ್ದ ಅಧ್ಯಕ್ಷರ ಕಾರಿನ ಮೇಲೆ ಬಿತ್ತು. ಕಾರಿನ ಕಿಟಕಿ ತೆರೆದಿತ್ತು. ಸ್ಟ್ಯಾಂಡಿನಲ್ಲಿ ಜನ ಎದ್ದು ನಿಂತು ಕೇಕೆ ಹಾಕಿದರು. ಅವತ್ತಿನ ಮೊದಲ ಗೋಲು ಅದೇ ಎನ್ನಬೇಕು.

ನಾಲ್ಕೂ ಕಾಲಿಗೆ ಅವರು ವಾಪಸು ಬಂದರು. ಅಧ್ಯಕ್ಷರ ಬಿಳಿ ಬೂಟಿಗೆ ಬಣ್ಣ ಬಂದಿತ್ತು. ಈಗ ಯಾರೂ ಇಳಿ ಎನ್ನಲಿಲ್ಲ. ದಾರಿ ಹೇಳು ಎಂದರು.

"ಹೇಳ್ತೀನಿ. ಹೇಳಿದ ಹಾಗೆ ಕೇಳ್ಬೇಕು. ಮಧ್ಯೆ ಮಾತಾಡ್ಬಾರದು," ಎಂದ ಮುಚ್ಚಳ.

ಅವನು ಗೆರೆಯ ಪಕ್ಕ ಹೋಗಿ ನಿಂತ. ಏಳನೆಯ ಮುಚ್ಚಳದ ಮೇಲಿನ ಹುಲ್ಲು ಕೊಯ್ಯಿಸಿದ, ಮುಚ್ಚಳ ಎತ್ತಿಸಿದ. ಸ್ಟ್ರೈಕರ್ ಇಳಿಯಲು ಹೋದಾಗ ತಡೆದ. ಹತ್ತು ನಿಮಿಷ ಬಾಯಿ ತೆರೆದಿಡಿ, ಒಳಗಿನ ಗಾಳಿ ಹೋಗಲಿ ಎಂದ. ಟೈಮ್ ಇಲ್ಲ ಎಂದು ಕಾರ್ಯದರ್ಶಿ ಗೋಳಾಡಿದ. ನಮ್ಮಪ್ಪನಿಗೂ ಹಾಗೇ ಹೇಳಿದ್ದಿರಿ ಎಂದ ಇವನು. ಹತ್ತು ನಿಮಿಷ ಎಲ್ಲರೂ ಬಾಯಿ ಮುಚ್ಚಿಕೊಂಡು ಕಾದರು.

ಯಾರು ಇಳಿಯಬೇಕು ಎಂಬಲ್ಲಿ ಮತ್ತೆ ತಕರಾರು. ಕೋಚಿಗೆ ಮೊಣಕಾಲು ನೋವು. ಕಾರ್ಯದರ್ಶಿಗೆ ಬಿ.ಪಿ. ಗೋಲ್‌ಕೀಪರ್ ತನ್ನ ಕೈ ಬಹಳ ಮುಖ್ಯ ಎಂದ. ಮುಚ್ಚಳ ಒಬ್ಬೊಬ್ಬರಿಗೂ ಜಾಗ ತೋರಿಸಿದ. ಗೋಲ್‌ಕೀಪರಿಗೆ ಹಗ್ಗ, ಹಿಡಿದದ್ದನ್ನು ಬಿಡದಿರುವುದೇ ನಿನ್ನ ಕೆಲಸ ಎಂದು. ಸ್ಟ್ರೈಕರ್ ಒಳಗೆ. ಉಳಿದವರು ಬಾಯಿಯಿಂದ ಗೆರೆಯವರೆಗೆ ಸಾಲಾಗಿ, ಬಕೆಟ್ ಸಾಗಿಸಲು. ಒಳಗೆ ಇನ್ನೊಬ್ಬ ಬೇಕಾಗಿತ್ತು. ಎಲ್ಲರೂ ಸುಮ್ಮನೆ ಅಧ್ಯಕ್ಷರ ಕಡೆ ನೋಡಿದರು. ಸ್ಟ್ಯಾಂಡಿನ ಮೇಲೆ ಅವರದೇ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಅವರು ಪ್ಯಾಂಟು ಮಡಚಿ, ಸೊಂಟಕ್ಕೆ ಹಗ್ಗ ಬಿಗಿದು, ದೇವರನ್ನು ನೆನೆದು ಇಳಿದರು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು!

ಬಕೆಟ್ಟುಗಳು ಮೊದಲು ಎಡವಿದವು, ಚೆಲ್ಲಿದವು, ಒಬ್ಬನ ಮೈಮೇಲಿನದು ಇನ್ನೊಬ್ಬನ ಮೈಮೇಲೆ ಹೋಯಿತು. ಮುಚ್ಚಳ ಗೆರೆಯಿಂದಲೇ ಕೂಗಿ ತಿದ್ದಿದ. ಕೈಗೆ ಬಂದ ಮೇಲೆ ನೋಡಬೇಡ, ಬರುವ ಮೊದಲೇ ನೋಡು. ಕೊಟ್ಟು ನಿಂತುಕೊಳ್ಳಬೇಡ, ಕೊಟ್ಟು ತಿರುಗು. ಕೋಚೇ, ಎಡಗೈ, ಅದಲ್ಲ, ಇನ್ನೊಂದು. ಹತ್ತು ನಿಮಿಷದಲ್ಲಿ ಬಕೆಟ್ಟುಗಳು ಕೈಯಿಂದ ಕೈಗೆ ಒಂದು ಹನಿ ಚೆಲ್ಲದೆ ಸಾಗತೊಡಗಿದವು. ಆ ತಂಡ ಅಷ್ಟು ಚೆನ್ನಾಗಿ ಪಾಸ್ ಕೊಟ್ಟದ್ದನ್ನು ಜನ ಯಾವತ್ತೂ ನೋಡಿರಲಿಲ್ಲ. ಪ್ರತಿ ಬಕೆಟ್ಟಿಗೂ ಚಪ್ಪಾಳೆ ಬಿತ್ತು.

ದಾರಿ ಕಟ್ಟಿದ್ದು ಏನು ಎಂದು ಕೊನೆಗೆ ಗೊತ್ತಾಯಿತು. ಒಂದು ದೊಡ್ಡ ಪ್ಲಾಸ್ಟಿಕ್ ಬ್ಯಾನರ್. ಅಧ್ಯಕ್ಷರು ಒಳಗಿನಿಂದ ಎರಡೂ ಕೈಯಲ್ಲಿ ಜಗ್ಗಿ ಎಳೆದರು. ಮೇಲೆ ಬಿಡಿಸಿ ನೋಡಿದರೆ ಹೋದ ತಿಂಗಳ ಅವರದೇ ಹುಟ್ಟುಹಬ್ಬದ ಬ್ಯಾನರ್. ಹಬ್ಬ ಮುಗಿದ ಮೇಲೆ ಕಚೇರಿಯವರು ಕೈಗೆ ಸಿಕ್ಕ ಮುಚ್ಚಳ ಎತ್ತಿ ಒಳಗೆ ತುರುಕಿದ್ದರು. ನಗುತ್ತಿದ್ದ ಆ ದೊಡ್ಡ ಮುಖವನ್ನು ಸಾಲಿನಲ್ಲಿದ್ದವರು ಕೈಯಿಂದ ಕೈಗೆ ದಾಟಿಸಿದರು. ಅದರ ಹಿಂದೆಯೇ ನೀರು ಗುಳುಗುಳು ಎಂದು ಇಳಿಯಿತು. ಐದಕ್ಕೆ ಮೂರು ನಿಮಿಷ ಇತ್ತು. ರೆಫರಿ ಸಿಳ್ಳೆ ಊದಿದ.

ತೊಳೆದುಕೊಳ್ಳಲು ಸಮಯ ಎಲ್ಲಿಯದು? ಹಾಗೆಯೇ ಜೆರ್ಸಿ ಹಾಕಿಕೊಂಡು ಇಳಿದರು. ಎದುರು ತಂಡದವರು ಒಬ್ಬೊಬ್ಬರನ್ನೂ ಎರಡು ಮೊಳ ದೂರದಲ್ಲಿ ಬಿಟ್ಟರು. ಸ್ಟ್ರೈಕರನ ಹತ್ತಿರವಂತೂ ಗಾಳಿಯೂ ಸುಳಿಯಲಿಲ್ಲ. ಮೂರು ಗೋಲು ಹೊಡೆದ, ಒಂದಕ್ಕೂ ಯಾರೂ ಓಡಿಬಂದು ಅಪ್ಪಿಕೊಳ್ಳಲಿಲ್ಲ.

ಅವತ್ತು ಮೈದಾನದಲ್ಲಿ ಸ್ವಚ್ಛವಾಗಿದ್ದ ಕಾಲು ಒಂದೇ ಜೋಡಿ. ಎದುರು ತಂಡದ ಮೂವರು ಅವನಿಗೇ ಅಂಟಿಕೊಂಡರು. ಭುಜಕ್ಕೆ ಭುಜ ಕೊಟ್ಟರು, ಜೆರ್ಸಿ ಜಗ್ಗಿದರು, ಮೊಣಕೈ ತಿವಿದರು. ಇಪ್ಪತ್ತನೆಯ ನಿಮಿಷಕ್ಕೆ ಒಬ್ಬ ಹಿಂದಿನಿಂದ ಬಂದು ಕಾಲು ಕೊಟ್ಟು ಕೆಡವಿ, ತಾನೂ ಅವನ ಮೈಮೇಲೆ ಬಿದ್ದ. ಹದಿಮೂರು ವರ್ಷದಲ್ಲಿ ಅದು ಮೊದಲ ಫೌಲು. ಕೆಡವಿದವನು ಎದ್ದು, ಸಾರಿ ಗುರು ಎಂದು ಕೈ ಚಾಚಿ ಇವನನ್ನು ಎಬ್ಬಿಸಿದ. ಆ ಕೈಯನ್ನು ಮುಚ್ಚಳ ಬೇಗ ಬಿಡಲಿಲ್ಲ. ನೋವಾಯಿತಾ ಎಂದು ರೆಫರಿ ಕೇಳಿದರೆ ನಗುತ್ತಿದ್ದ, ಕಣ್ಣಲ್ಲಿ ನೀರು. ಮೇಲೆ ಸ್ಟ್ಯಾಂಡಿನಲ್ಲಿ ಅಮ್ಮ ಪಕ್ಕದ ಹೆಂಗಸಿಗೆ, ಬಿದ್ದನಲ್ಲ, ಅವನೇ ನನ್ನ ಮಗ ಎಂದು ಹೇಳುತ್ತಿದ್ದಳು.

ಪಂದ್ಯ ಮುಗಿದ ಮೇಲೆ ಅಧ್ಯಕ್ಷರು ಡ್ರೆಸ್ಸಿಂಗ್ ರೂಮಿನ ನಲ್ಲಿಯ ಕೆಳಗೆ ಕೂತು ತಿಕ್ಕಿಕೊಳ್ಳುತ್ತಿದ್ದರು. ಇವನು ಚೀಲ ತುಂಬಿಕೊಂಡು ಹೊರಟ. ಗೆದ್ದ ತಂಡ ಅವನನ್ನು ಹಾಗೆ ಹೋಗಗೊಡಲಿಲ್ಲ. ಪಾಸ್ ಹೇಳಿಕೊಟ್ಟವನು ಇವನು, ಮುಂದಿನ ವರ್ಷವೂ ಇವನೇ ಹೇಳಿಕೊಡಲಿ ಎಂದು ಮೊದಲು ಬಾಯಿಬಿಟ್ಟವನು ಸ್ಟ್ರೈಕರ್. ಅವನ ಕೂದಲಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಉಳಿದವರು ಹೂಂಗುಟ್ಟಿದರು. ಅಧ್ಯಕ್ಷರು ಎಲ್ಲರ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಜೇಬಿನ ಕಾಗದ ತೆಗೆದು 'ಜಲ ನಿರ್ವಹಣಾ' ಎಂಬುದನ್ನು ಹೊಡೆದುಹಾಕಿದರು. ಕಾಗದದ ತುಂಬ ಅವರ ಬೆರಳಿನ ಗುರುತು.

ಗಲೀಜಾಗಿದೆ ಸಾರ್, ಬೇರೆ ಹಾಳೆಯಲ್ಲಿ ಬರೆದುಕೊಡಿ ಎಂದ ಮುಚ್ಚಳ. ಕಾರ್ಯದರ್ಶಿ ಕಚೇರಿಗೆ ಓಡಿ ಹೊಸ ಹಾಳೆ ತಂದ. ಅಧ್ಯಕ್ಷರು ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡು, ಸಹಾಯಕ ಕೋಚ್ ಎಂದು ಬರೆದು ಸಹಿ ಹಾಕಿದರು. ಅವನು ಅದನ್ನು ಓದಿ, ಇನ್ನೊಂದು ಸಲ ಓದಿ, ಚೀಲದಲ್ಲಿಟ್ಟುಕೊಂಡ.

ಅಧ್ಯಕ್ಷರು ತಮ್ಮ ತೋಳನ್ನು ಮೂಗಿಗೆ ಹಿಡಿದು ನೋಡಿಕೊಂಡರು. ರಾತ್ರಿ ಮನೆಗೆ ನೆಂಟರು ಬರುವವರಿದ್ದರು. ಬೇರೆಯವರಿಗೆ ಕೇಳಿಸದ ಹಾಗೆ ಅವನನ್ನು ಹತ್ತಿರ ಕರೆದು, ಈ ವಾಸನೆ ಎಷ್ಟು ದಿನಕ್ಕೆ ಹೋಗುತ್ತಪ್ಪ ಎಂದು ಕೇಳಿದರು.

"ಒಂದು ಸ್ನಾನಕ್ಕೆ ಹೋಗುತ್ತೆ ಸಾರ್," ಎಂದ ಅವನು. "ನಮ್ದೂ ಒಂದೇ ಸ್ನಾನಕ್ಕೆ ಹೋಗಿತ್ತು."